ಹಳದಿ ಬೆಣ್ಣೆ, ಹಸಿರು ಪ್ಯಾಕು, ಮಸುಕಾದ ‘ಬೇಡ’

ನೀಲಿ ಎಂದರೆ ವಿಶ್ವಾಸ. ಕೆಂಪು ಎಂದರೆ ಹಸಿವು, ಆತುರ. ಹಸಿರು ಎಂದರೆ ನೆಮ್ಮದಿ. ಕಪ್ಪು ಎಂದರೆ ಸಿರಿವಂತಿಕೆ. ವೆಬ್‌ಸೈಟ್ ವಿನ್ಯಾಸ ಕಲಿಸುವ ತರಗತಿಗಳಲ್ಲೂ ಜಾಹೀರಾತು ಕಂಪೆನಿಗಳ ಸಭೆಗಳಲ್ಲೂ ಇಂತಹ ಒಂದು ಪಟ್ಟಿ ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ‘ಖರೀದಿಸಿ’ ಎಂಬ ಬಟನ್‌ಗೆ ಯಾವ ಬಣ್ಣ ಬಳಿದರೆ ಜನರ ಬೆರಳು ಅತ್ತ ಹೋಗುತ್ತದೆ ಎಂದು ಹೇಳಿಕೊಡುವುದಕ್ಕೆ ಹಣ ಪಡೆಯುವವರೂ ಇದ್ದಾರೆ. ಇದನ್ನು ಬಣ್ಣಗಳ ಮನಶ್ಶಾಸ್ತ್ರ ಎಂದು ಕರೆಯುತ್ತಾರೆ.

ಬಣ್ಣಕ್ಕೂ ಮನಸ್ಸಿಗೂ ಸಂಬಂಧವೇ ಇಲ್ಲ ಎಂದು ನಾವು ವಾದಿಸುವುದಿಲ್ಲ. ಆದರೆ ಯುರೋಪಿನ ಮದುಮಗಳು ಉಡುವ ಬಿಳಿ ಬಣ್ಣವನ್ನೇ ನಮ್ಮ ನಾಡಿನ ಹಲವು ಸಮುದಾಯಗಳು ವಿಧವೆಯ ಮೇಲೆ ಹೊರಿಸಿದ್ದವು. ಹಾಗಿರುವಾಗ ಅರ್ಥವು ಬಣ್ಣದೊಳಗೇ ಕುಳಿತಿದೆ ಎಂದು ನಂಬುವುದು ಹೇಗೆ? ಮಾರಾಟದ ಕಳೆದ ನೂರೈವತ್ತು ವರ್ಷಗಳ ಚರಿತ್ರೆಯನ್ನು ತಿರುವಿ ಹಾಕಿದರೆ ಬೇರೆಯೇ ಒಂದು ಚಿತ್ರ ಸಿಗುತ್ತದೆ. ಬಣ್ಣದ ಬಲ ಇರುವುದು ನಮ್ಮ ರೂಢಿಯಲ್ಲಿ. ಆ ರೂಢಿ ಯಾರ ಕೈಯಲ್ಲಿರಬೇಕು ಎಂಬುದಕ್ಕಾಗಿ ವ್ಯಾಪಾರಿಗಳು, ಸರಕಾರಗಳು, ನ್ಯಾಯಾಲಯಗಳು ಕಿತ್ತಾಡುತ್ತಲೇ ಬಂದಿವೆ.

ಆ ಕಿತ್ತಾಟ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಮಾರ್ಗರಿನ್‌ನ ಕತೆಯಲ್ಲಿ. ಫ್ರಾನ್ಸಿನಲ್ಲಿ ಬೆಣ್ಣೆ ದುಬಾರಿಯಾಗಿತ್ತು. ನೌಕಾಪಡೆಗೂ ಬಡವರಿಗೂ ಕೈಗೆಟಕುವಂತಹ, ಬೇಗ ಕೆಡದ ಬದಲಿಯೊಂದನ್ನು ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ ಮೂರನೇ ನೆಪೋಲಿಯನ್ ಸಾರಿದ. 1869ರಲ್ಲಿ ರಸಾಯನಶಾಸ್ತ್ರಜ್ಞ ಇಪ್ಪೊಲಿತ್ ಮೆಜ್-ಮೂರಿಯೆ ದನದ ಕೊಬ್ಬನ್ನೂ ಕೆನೆ ತೆಗೆದ ಹಾಲನ್ನೂ ಬಳಸಿ ಅಂತಹ ಒಂದು ಪದಾರ್ಥವನ್ನು ತಯಾರಿಸಿದ. ಮುತ್ತಿಗೆ ಗ್ರೀಕ್ ಭಾಷೆಯಲ್ಲಿರುವ ಪದದಿಂದ ಅದಕ್ಕೆ ಮಾರ್ಗರಿನ್ ಎಂಬ ಹೆಸರು ಬಂತು. ಹೆಸರೇ ಹೇಳುವಂತೆ ಅದು ಬಿಳುಚಾಗಿತ್ತು. ತಿನ್ನಲು ಅಡ್ಡಿಯಿರಲಿಲ್ಲ, ಬೆಲೆಯೂ ಕಡಿಮೆ. ಆದರೆ ನೋಡಿದವರಿಗೆ ಬೆಣ್ಣೆಯ ನೆನಪಾಗುತ್ತಿರಲಿಲ್ಲ, ಹಂದಿ ಕೊಬ್ಬಿನ ನೆನಪಾಗುತ್ತಿತ್ತು. ಹಾಗಾಗಿ ತಯಾರಕರು ಅದಕ್ಕೆ ಹಳದಿ ಬಣ್ಣ ಬೆರೆಸತೊಡಗಿದರು.

ಅಮೆರಿಕಕ್ಕೆ ಈ ಸರಕು ಕಾಲಿಟ್ಟದ್ದು 1870ರ ದಶಕದಲ್ಲಿ. ಅಲ್ಲಿನ ಹೈನುಗಾರರು ಸಿಡಿದೆದ್ದರು. 1886ರಲ್ಲಿ ಕೇಂದ್ರ ಸರಕಾರ ಮಾರ್ಗರಿನ್ ಮೇಲೆ ಪೌಂಡಿಗೆ 2 ಸೆಂಟ್ ತೆರಿಗೆ ಹಾಕಿತು. ಹಲವು ರಾಜ್ಯಗಳು ಹಳದಿ ಮಾರ್ಗರಿನ್ನನ್ನೇ ನಿಷೇಧಿಸಿದವು. ಅಷ್ಟಕ್ಕೂ ತೃಪ್ತಿಯಾಗದ ಕೆಲವು ರಾಜ್ಯಗಳು ಇನ್ನೂ ಮುಂದೆ ಹೋಗಿ, ಮಾರ್ಗರಿನ್ ಮಾರಬೇಕಾದರೆ ಅದಕ್ಕೆ ಗುಲಾಬಿ ಬಣ್ಣ ಹಾಕಲೇಬೇಕು ಎಂದು ಕಾನೂನು ಮಾಡಿದವು! ರೊಟ್ಟಿಗೆ ಗುಲಾಬಿ ಬಣ್ಣದ ಕೊಬ್ಬು ಸವರಿಕೊಂಡು ತಿನ್ನುವವರು ಯಾರು? ಕಾನೂನು ಮಾಡಿದವರಿಗೆ ಬೇಕಾಗಿದ್ದೂ ಅದೇ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಇಂತಹ ಕಾನೂನು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ನೋಡಿದೊಡನೆ ಹೇಸಿಗೆ ಹುಟ್ಟಿಸುವ ಬಣ್ಣವನ್ನು ಕಡ್ಡಾಯಗೊಳಿಸುವುದೂ ಒಂದೇ, ಮಾರಾಟವನ್ನು ನಿಷೇಧಿಸುವುದೂ ಒಂದೇ ಎಂದು ಕೋರ್ಟು 1898ರಲ್ಲಿ ಅದನ್ನು ಹೊಡೆದುಹಾಕಿತು. ಬಣ್ಣಗಳ ಮನಶ್ಶಾಸ್ತ್ರದ ಬಗ್ಗೆ ಬಂದಿರುವ ಬರಹಗಳ ರಾಶಿಯಲ್ಲಿ ಈ ತೀರ್ಪಿನಷ್ಟು ನೇರವಾಗಿ ಮಾತಾಡಿದ್ದು ಹೆಚ್ಚಿಲ್ಲ ಎಂದು ನಮಗನಿಸುತ್ತದೆ.

ಹೈನುಗಾರರು ಸುಮ್ಮನಾಗಲಿಲ್ಲ. 1902ರಲ್ಲಿ ತೆರಿಗೆಯನ್ನು ಬಣ್ಣದ ಲೆಕ್ಕದಲ್ಲಿ ಇಬ್ಭಾಗ ಮಾಡಲಾಯಿತು. ಹಳದಿ ಮಾರ್ಗರಿನ್‌ಗೆ ಪೌಂಡಿಗೆ 10 ಸೆಂಟ್, ಬಣ್ಣ ಹಾಕದ್ದಕ್ಕೆ ಕಾಲು ಸೆಂಟ್. ಅಂದರೆ ಹಳದಿ ಬಣ್ಣವೊಂದಕ್ಕೇ ನಲವತ್ತು ಪಟ್ಟು ತೆರಿಗೆ. ಕಂಪೆನಿಗಳು ಒಂದು ಉಪಾಯ ಹೂಡಿದವು. ಬಿಳಿ ಮಾರ್ಗರಿನ್ ಜೊತೆಗೆ ಬಣ್ಣದ ಸಣ್ಣ ಪೊಟ್ಟಣವನ್ನೂ ಇಟ್ಟು ಮಾರಿದವು. ಮನೆಯಲ್ಲಿ ಹೆಂಗಸರು ಅದನ್ನು ಪಾತ್ರೆಗೆ ಹಾಕಿ ಕೈಯಿಂದ ನಾದಿ ನಾದಿ ಹಳದಿ ಮಾಡಬೇಕು. ಮುಂದೆ ಪ್ಲಾಸ್ಟಿಕ್ ಚೀಲದೊಳಗೇ ಬಣ್ಣದ ಗುಳಿಗೆ ಇಟ್ಟು ಕೊಡುವ ಪದ್ಧತಿಯೂ ಬಂತು. ಗುಳಿಗೆ ಒಡೆದು, ಚೀಲವನ್ನು ಹಿಸುಕುತ್ತಾ ಕೂರಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಣ್ಣೆಗೆ ರೇಷನ್ ಬಂದಾಗ ಲಕ್ಷಾಂತರ ಮನೆಗಳಲ್ಲಿ ನಡೆಯುತ್ತಿದ್ದ ಕೆಲಸವಿದು. ರುಚಿಯಲ್ಲಾಗಲಿ ಪೋಷಣೆಯಲ್ಲಾಗಲಿ ಆ ನಾದುವಿಕೆಯಿಂದ ಎಳ್ಳಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ. ಈ ತೆರಿಗೆ ರದ್ದಾದದ್ದು 1950ರಲ್ಲಿ. ಹೈನುಗಾರಿಕೆಗೆ ಹೆಸರಾದ ವಿಸ್ಕಾನ್ಸಿನ್ ರಾಜ್ಯ ಹಳದಿ ಮಾರ್ಗರಿನ್ ಮೇಲಿನ ನಿಷೇಧವನ್ನು ತೆಗೆದದ್ದು 1967ರಲ್ಲಿ, ಎಲ್ಲ ರಾಜ್ಯಗಳಿಗಿಂತ ಕೊನೆಗೆ.

ಹೈನುಗಾರರ ವಾದದಲ್ಲಿ ಸತ್ಯ ಇರಲಿಲ್ಲವೆಂದಲ್ಲ. ಮಾರ್ಗರಿನ್ನನ್ನು ಬೆಣ್ಣೆ ಎಂದು ಹೇಳಿ ಮಾರುವ ಮೋಸ ನಡೆಯುತ್ತಿತ್ತು. ಆದರೆ ಅವರ ಬೆಣ್ಣೆಯ ಬಣ್ಣವೂ ಪೂರ್ತಿ ಸಾಚಾ ಆಗಿರಲಿಲ್ಲ. ಹಸುವಿನ ಬೆಣ್ಣೆಗೆ ಹಳದಿ ಬರುವುದು ಹಸಿ ಹುಲ್ಲಿನಲ್ಲಿರುವ ಕೆರೋಟಿನ್‌ನಿಂದ. ಚಳಿಗಾಲದಲ್ಲಿ ಒಣ ಮೇವು ತಿನ್ನುವ ಹಸುವಿನ ಬೆಣ್ಣೆ ಪೇಲವವಾಗಿರುತ್ತದೆ. ಆಗ ಹೈನುಗಾರರೂ ಅನಾಟೋ ಎಂಬ ಬೀಜದ ಬಣ್ಣ ಬೆರೆಸುತ್ತಿದ್ದರು. ಬಣ್ಣ ಬೆರೆಸಿದರೂ ಬೆಣ್ಣೆ ಬೆಣ್ಣೆಯೇ ಎಂದು 1886ರ ಕಾನೂನು ಒಪ್ಪಿಕೊಂಡಿತ್ತು! ಹಾಗಾಗಿ ಜಗಳ ಇದ್ದದ್ದು ಅಸಲಿ ಬಣ್ಣ, ನಕಲಿ ಬಣ್ಣಗಳ ನಡುವೆ ಅಲ್ಲ. ಹಳದಿ ಎಂದರೆ ಒಳ್ಳೆಯ ಬೆಣ್ಣೆ ಎಂಬ ರೂಢಿಯ ಲಾಭವನ್ನು ಯಾರು ಉಣ್ಣಬೇಕು ಎಂಬುದಷ್ಟೇ ಪ್ರಶ್ನೆಯಾಗಿತ್ತು.

ನಮ್ಮಲ್ಲಿ ಈ ರೂಢಿಯೇ ಬೇರೆ. ಎಮ್ಮೆ ತನ್ನ ಮೇವಿನ ಕೆರೋಟಿನ್ನನ್ನು ‘ಎ’ ಜೀವಸತ್ವವಾಗಿ ಮಾರ್ಪಡಿಸುವುದರಿಂದ ಅದರ ಬೆಣ್ಣೆ ಬಿಳಿ. ದಾವಣಗೆರೆಯ ದೋಸೆಯ ಮೇಲೆ ಕರಗುವ ಬಿಳಿ ಬೆಣ್ಣೆಯನ್ನು ನೋಡಿ ಇದು ಕಲಬೆರಕೆ ಎಂದು ಯಾರೂ ಎದ್ದು ಹೋಗುವುದಿಲ್ಲ. ಅದೇ ಜನ ಪೊಟ್ಟಣದ ಬೆಣ್ಣೆ ಕೊಳ್ಳುವಾಗ ಹಳದಿಯನ್ನೇ ನಿರೀಕ್ಷಿಸುತ್ತಾರೆ.

ಮಾರ್ಗರಿನ್‌ನ ಜಗಳ ಭಾರತದಲ್ಲಿ ವನಸ್ಪತಿಯ ರೂಪದಲ್ಲಿ ಬಂತು. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಇಳಿಯಿತು. ಹಸಿರು ಮರದ ಚಿತ್ರವಿದ್ದ ಅದರ ಹಳದಿ ಡಬ್ಬಿ ಖಾಲಿಯಾದ ಮೇಲೆ ಎಷ್ಟೋ ಮನೆಗಳಲ್ಲಿ ಬೇಳೆ, ಸಕ್ಕರೆ ತುಂಬುವ ಪಾತ್ರೆಯಾಯಿತು. ಡಬ್ಬಿಯ ಒಳಗಿದ್ದದ್ದು ಮಾತ್ರ ನೋಡಲು ತುಪ್ಪದಂತೆಯೇ ಇತ್ತು. ತುಪ್ಪಕ್ಕೆ ಅದನ್ನು ಬೆರೆಸಿ ಮಾರುವವರು ಹುಟ್ಟಿಕೊಂಡರು. ವನಸ್ಪತಿಯನ್ನು ಗಾಂಧೀಜಿಯೂ ವಿರೋಧಿಸಿದ್ದರು. ಬಡವನ ಕಣ್ಣಿಗೇ ವ್ಯತ್ಯಾಸ ತಿಳಿಯಲಿ, ಅದಕ್ಕೆ ಬೇರೆ ಬಣ್ಣ ಹಾಕಿಸಿ ಎಂಬ ಕೂಗು ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಜೋರಾಗಿತ್ತು. ಕೊನೆಗೆ ಉಳಿದುಕೊಂಡ ಪರಿಹಾರ ವಿಚಿತ್ರವಾಗಿದೆ. ವನಸ್ಪತಿಯಲ್ಲಿ ಕನಿಷ್ಠ ಶೇ. 5ರಷ್ಟು ಎಳ್ಳೆಣ್ಣೆ ಇರಬೇಕು ಎಂದು ನಿಯಮವಾಯಿತು. ಎಳ್ಳೆಣ್ಣೆ ಇರುವ ಜಿಡ್ಡಿಗೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಫರ್ಫ್ಯೂರಾಲ್ ಎಂಬ ರಾಸಾಯನಿಕವನ್ನೂ ಹಾಕಿ ಕುಲುಕಿದರೆ ಅದು ಕೆಂಪಗಾಗುತ್ತದೆ. ಇದಕ್ಕೆ ಬೌದುವಾ ಪರೀಕ್ಷೆ ಎಂದು ಹೆಸರು. ಹೀಗೆ ಬಣ್ಣವೇನೋ ಬಂತು. ಆದರೆ ಕೊಳ್ಳುವವರ ಬಟ್ಟಲಿನಲ್ಲಿ ಅಲ್ಲ, ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ.

ಬಣ್ಣವನ್ನು ಮೊದಲೇ ಇದ್ದ ರೂಢಿಗೆ ಹೊಂದಿಸುವುದು ಒಂದು ವಿದ್ಯೆಯಾದರೆ, ಬಣ್ಣಕ್ಕಾಗಿ ಹೊಸ ರೂಢಿಯನ್ನೇ ಹುಟ್ಟಿಸುವುದು ಇನ್ನೊಂದು ವಿದ್ಯೆ. ಇದರಲ್ಲಿ ಎಡ್ವರ್ಡ್ ಬರ್ನೇಸ್‌ನನ್ನು ಮೀರಿಸಿದವರು ಅಪರೂಪ. ಮನೋವಿಶ್ಲೇಷಣೆಯ ಪಿತಾಮಹ ಸಿಗ್ಮಂಡ್ ಫ್ರಾಯ್ಡ್‌ನ ಸೋದರ ಸಂಬಂಧದವನಾದ ಈತ ಅಮೆರಿಕದಲ್ಲಿ ಕಂಪೆನಿಗಳ ಪರವಾಗಿ ಜನಾಭಿಪ್ರಾಯ ರೂಪಿಸುವುದನ್ನೇ ವೃತ್ತಿ ಮಾಡಿಕೊಂಡಿದ್ದ. 1934ರಲ್ಲಿ ಲಕ್ಕಿ ಸ್ಟ್ರೈಕ್ ಸಿಗರೇಟಿನ ಮಾಲಕರಿಗೆ ಒಂದು ಚಿಂತೆ ಹತ್ತಿತು. ಅದರ ಹಸಿರು ಪ್ಯಾಕು ತಮ್ಮ ಉಡುಪಿಗೆ ಒಪ್ಪುವುದಿಲ್ಲವೆಂದು ಹೆಂಗಸರು ಅದನ್ನು ಕೊಳ್ಳುತ್ತಿಲ್ಲ ಎಂದು ತಿಳಿಯಿತು. ಪ್ಯಾಕಿನ ಬಣ್ಣ ಬದಲಿಸಿ ಎಂದ ಬರ್ನೇಸ್. ಆ ಪ್ಯಾಕನ್ನು ಪ್ರಚಾರ ಮಾಡಲು ಕೋಟಿಗಟ್ಟಲೆ ಸುರಿದಿದ್ದೇವೆ, ಸಾಧ್ಯವಿಲ್ಲ ಎಂದರು ಕಂಪೆನಿಯವರು. ಹಾಗಾದರೆ ಹೆಂಗಸರ ಬಟ್ಟೆಯ ಬಣ್ಣವನ್ನೇ ಬದಲಿಸೋಣ ಎಂದು ಬರ್ನೇಸ್ ಹೊರಟ.

ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಆಸ್ಪತ್ರೆಯೊಂದರ ಸಹಾಯಾರ್ಥ ಆ ವರ್ಷ ‘ಗ್ರೀನ್ ಬಾಲ್’ ನಡೆಯಿತು. ಬಂದ ಸಿರಿವಂತ ಮಹಿಳೆಯರೆಲ್ಲ ಹಸಿರು ಉಡಬೇಕು ಎಂಬ ನಿಯಮ. ಬಣ್ಣಗಳ ಫ್ಯಾಶನ್ ಬ್ಯೂರೋ ಎಂಬ ಹೆಸರಿನಲ್ಲಿ ಒಂದು ಕಚೇರಿ ತೆರೆದು, ಅಲ್ಲಿಂದ ಪತ್ರಿಕೆಗಳಿಗೆ, ಬಟ್ಟೆ ವ್ಯಾಪಾರಿಗಳಿಗೆ, ಗೃಹಾಲಂಕಾರದವರಿಗೆ ಈ ಸಲದ ಬಣ್ಣ ಹಸಿರು ಎಂದು ಪತ್ರಗಳು ಹೋದವು. ಕಲಾವಿದರೂ ಮನಶ್ಶಾಸ್ತ್ರಜ್ಞರೂ ಹಸಿರಿನ ಮಹಿಮೆಯನ್ನು ಬಣ್ಣಿಸಿ ಮಾತಾಡುವಂತೆ ಏರ್ಪಾಡಾಯಿತು. ಖರ್ಚು ಕೊಟ್ಟವರು ಯಾರು ಎಂಬುದು ಗುಟ್ಟಾಗಿತ್ತು. ಆಸ್ಪತ್ರೆಗೆ ಹಣ ಕೂಡಿಸಲು ಬಂದವರಿಗೆ ತಾವು ಸಿಗರೇಟಿನ ಪ್ಯಾಕಿಗೆ ಹೊಂದುವ ಬಟ್ಟೆ ತೊಟ್ಟಿದ್ದೇವೆ ಎಂದು ತಿಳಿದಿದ್ದರೆ ಏನನ್ನುತ್ತಿದ್ದರೋ!

ಎಂಟೇ ವರ್ಷಗಳಲ್ಲಿ ಅದೇ ಕಂಪೆನಿ ಹಸಿರನ್ನು ಕೈಬಿಟ್ಟು ಬಿಳಿ ಪ್ಯಾಕಿಗೆ ಬಂತು. 1942ರ ಯುದ್ಧದ ದಿನಗಳವು. ಹಸಿರು ಶಾಯಿಗೆ ಬೇಕಾದ ಲೋಹ ಸೈನ್ಯಕ್ಕೆ ಬೇಕಾಗಿದೆ, ಆದ್ದರಿಂದ ನಮ್ಮ ಹಸಿರು ಯುದ್ಧಕ್ಕೆ ಹೋಗಿದೆ ಎಂದು ರೇಡಿಯೋದಲ್ಲಿ ಸಾರಲಾಯಿತು. ಬಿಳಿ ಪ್ಯಾಕು ಹೆಂಗಸರಿಗೆ ಹಿಡಿಸುತ್ತದೆ ಎಂಬ ಹಳೆಯ ಲೆಕ್ಕಾಚಾರಕ್ಕೆ ದೇಶಭಕ್ತಿಯ ಹೊದಿಕೆ ಸಿಕ್ಕಿತು.

ಅದೇ ಸುಮಾರಿಗೆ ಶಿಕಾಗೋದಲ್ಲಿ ಲೂಯಿ ಚೆಸ್ಕಿನ್ ಎಂಬಾತ ಬಣ್ಣ ಸಂಶೋಧನಾ ಸಂಸ್ಥೆಯನ್ನು ನಡೆಸುತ್ತಿದ್ದ. ಪೊಟ್ಟಣ ನೋಡಿದಾಗ ಹುಟ್ಟುವ ಭಾವನೆ ಒಳಗಿನ ವಸ್ತುವಿಗೆ ದಾಟಿಬಿಡುತ್ತದೆ, ಜನ ಎರಡನ್ನೂ ಬೇರೆಯಾಗಿ ನೋಡುವುದಿಲ್ಲ ಎಂಬುದು ಅವನ ಸಿದ್ಧಾಂತ. ಮಾರ್ಗರಿನ್ ಕಂಪೆನಿಯೊಂದು ಅವನ ಸಲಹೆ ಪಡೆಯಿತು. ಹಳದಿ ಮಾಡಿ, ಹೊಳೆಯುವ ಹಾಳೆಯಲ್ಲಿ ಸುತ್ತಿ ಎಂದ. ಸಿದ್ಧಾಂತದಲ್ಲಿ ಹುರುಳಿದೆ. ಆದರೆ ಅವನ ಹೆಸರಿನಲ್ಲಿ ಇಂದೂ ಹೇಳಲಾಗುವ ರೋಚಕ ಪ್ರಯೋಗಗಳ ಕತೆಗಳು ಬಹುಪಾಲು ಆ ವೃತ್ತಿಯವರ ಬಾಯಿಂದಲೇ ಬಂದವು ಎಂಬುದನ್ನು ಮರೆಯಬಾರದು. ಬಣ್ಣದ ಸಲಹೆ ಮಾರುವವನಿಗೆ ಬಣ್ಣದ ಮಹಿಮೆಯೂ ಒಂದು ಸರಕು.

ಆ ಮಹಿಮೆ ಎಷ್ಟೋ ಸಲ ಪರೀಕ್ಷೆಯಲ್ಲಿ ನಿಂತಿಲ್ಲ. 1979ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನೌಕಾಪಡೆಯ ಬಂದೀಖಾನೆಯ ಕೋಣೆಯೊಂದಕ್ಕೆ ಒಂದು ಬಗೆಯ ಗುಲಾಬಿ ಬಣ್ಣ ಬಳಿದು, ಕೈದಿಗಳ ಸಿಟ್ಟು ಇಳಿಯಿತು ಎಂದು ಸುದ್ದಿ ಮಾಡಲಾಯಿತು. ಬೇರೆ ಜೈಲುಗಳೂ ಗುಲಾಬಿಯಾದವು. ಸ್ವಿಸ್ ಜೈಲೊಂದರಲ್ಲಿ ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂತಹ ಪರಿಣಾಮವೇನೂ ಕಾಣಲಿಲ್ಲ.

ಬಣ್ಣ ನಿಜಕ್ಕೂ ಜೀವದ ಪ್ರಶ್ನೆಯಾದದ್ದು ಮತ್ತೆ ಸಿಗರೇಟಿನಲ್ಲೇ. ‘ಲೈಟ್’, ‘ಮೈಲ್ಡ್’ ಎಂಬ ಹೆಸರಿನಲ್ಲಿ ಬಂದ ಸಿಗರೇಟುಗಳಿಗೆ ಬಿಳಿ, ಬೆಳ್ಳಿ, ಚಿನ್ನದ ತಿಳಿಬಣ್ಣಗಳ ಪ್ಯಾಕುಗಳಿದ್ದವು. ಸೇದುವವರು ಅದು ಕಡಿಮೆ ಅಪಾಯದ್ದೆಂದು ನಂಬಿದರು. ಬಿಡಬೇಕೆಂದಿದ್ದವರು ಬಿಡುವ ಬದಲು ಅದಕ್ಕೆ ಬದಲಾಯಿಸಿಕೊಂಡರು. ಆದರೆ ಆಳವಾಗಿ ಎಳೆದು ಸೇದುವುದರಿಂದ ದೇಹಕ್ಕೆ ಸೇರುವ ವಿಷ ಕಡಿಮೆಯಾಗುತ್ತಿರಲಿಲ್ಲ. ಕಂಪೆನಿಗಳಿಗೆ ಇದು ಗೊತ್ತಿದ್ದೂ ಜನರನ್ನು ವಂಚಿಸಿದವು ಎಂದು 2006ರಲ್ಲಿ ಅಮೆರಿಕದ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ತೀರ್ಪಿತ್ತರು. 2010ರ ಜೂನ್‌ನಿಂದ ‘ಲೈಟ್’ ಎಂಬ ಪದ ಅಲ್ಲಿ ನಿಷಿದ್ಧವಾಯಿತು. ಆಮೇಲೇನಾಯಿತು? ಮಾರ್ಲ್‌ಬರೋ ಲೈಟ್ಸ್ ಎಂಬುದು ಮಾರ್ಲ್‌ಬರೋ ಗೋಲ್ಡ್ ಆಯಿತು. ಪದ ಹೋಯಿತು, ಬಣ್ಣ ಉಳಿಯಿತು. ಅಂಗಡಿಗೆ ಬಂದವರು ಚಿನ್ನದ ಬಣ್ಣವನ್ನು ತೋರಿಸಿ ಕೇಳಿದರೆ ಸಾಕಾಗಿತ್ತು.

ಆಸ್ಟ್ರೇಲಿಯಾ ಈ ಪಾಠವನ್ನು ತಿರುಗಿಸಿ ಹಿಡಿಯಿತು. ಧೂಮಪಾನಿಗಳಿಗೇ ಬಣ್ಣಗಳನ್ನು ತೋರಿಸಿ ಅತ್ಯಂತ ಅನಾಕರ್ಷಕವಾದದ್ದನ್ನು ಹುಡುಕಿಸಿತು. ಸಿಕ್ಕಿದ್ದು ಕೊಳಕು ಕಂದು. ಬಣ್ಣಗಳ ಪ್ಯಾಂಟೋನ್ ಪಟ್ಟಿಯಲ್ಲಿ ಅದಕ್ಕೆ 448 ಸಿ ಎಂಬ ಸಂಖ್ಯೆ. ಮೊದಲು ಇದನ್ನು ಆಲಿವ್ ಹಸಿರು ಎಂದು ಕರೆದಾಗ ಆಲಿವ್ ಬೆಳೆಗಾರರು ನಮ್ಮ ಹೆಸರು ಕೆಡಿಸಬೇಡಿ ಎಂದು ತಕರಾರು ತೆಗೆದರು! 2012ರ ಡಿಸೆಂಬರ್‌ನಿಂದ ಅಲ್ಲಿನ ಎಲ್ಲ ಸಿಗರೇಟು ಪ್ಯಾಕುಗಳಿಗೂ ಇದೇ ಬಣ್ಣ. ಭಾರತ ಬಣ್ಣದ ತಂಟೆಗೆ ಹೋಗದೆ ಎಚ್ಚರಿಕೆಯ ಚಿತ್ರವನ್ನು ದೊಡ್ಡದು ಮಾಡಿತು. 2016ರಿಂದ ಪ್ಯಾಕಿನ ಶೇ. 85 ಭಾಗ ಅದಕ್ಕೆ ಮೀಸಲು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದುಪಡಿಸಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಪೊಟ್ಟಣದಿಂದ ಈ ವಿದ್ಯೆ ಕಂಪ್ಯೂಟರ್ ಪರದೆಗೆ ಬಂದಾಗ ಮೊದಲಿಗೆ ಅದರಲ್ಲಿ ಯಾವ ತಂತ್ರವೂ ಇರಲಿಲ್ಲ. ವೆಬ್ ಪುಟಗಳ ಕೊಂಡಿಗಳು ನೀಲಿಯಾಗಿರುವುದನ್ನು ನಾವೆಲ್ಲ ನೋಡಿದ್ದೇವೆ. ಅದು ರೂಢಿಯಾದದ್ದು 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ತಯಾರಾದ ಮೊಸಾಯಿಕ್ ಬ್ರೌಸರ್‌ನಿಂದ. ಕಪ್ಪು ಅಕ್ಷರಗಳ ನಡುವೆ ಬೇರೆಯಾಗಿ ಕಾಣಬೇಕು, ಓದಲೂ ತೊಡಕಾಗಬಾರದು. ಗಾಢ ನೀಲಿ ಅದಕ್ಕೆ ಸಾಕಾಗಿತ್ತು. ಫೇಸ್‌ಬುಕ್ ನೀಲಿಯಾಗಿರುವುದಕ್ಕೂ ನೀಲಿ ಎಂದರೆ ವಿಶ್ವಾಸ ಎಂಬ ಸೂತ್ರವನ್ನೇ ಹೇಳುತ್ತಾರೆ. ಅದರ ಸ್ಥಾಪಕ ಮಾರ್ಕ್ ಜುಕರ್‌ಬರ್ಗ್ 2010ರಲ್ಲಿ ಪತ್ರಿಕೆಯೊಂದಕ್ಕೆ ಕೊಟ್ಟ ಕಾರಣ ಬೇರೆ. ಅವರಿಗೆ ಕೆಂಪು-ಹಸಿರು ವರ್ಣಾಂಧತೆ ಇದೆ, ಚೆನ್ನಾಗಿ ಕಾಣುವ ಬಣ್ಣ ನೀಲಿ. ಅಷ್ಟೇ.

ಲೆಕ್ಕಾಚಾರ ಶುರುವಾದದ್ದು ಜನರ ಒಂದೊಂದು ಕ್ಲಿಕ್ಕನ್ನೂ ಎಣಿಸಲು ಸಾಧ್ಯವಾದ ಮೇಲೆ. ಗೂಗಲ್ ಎರಡು ನೀಲಿಗಳ ನಡುವಿನ 41 ಛಾಯೆಗಳನ್ನು ಬೇರೆ ಬೇರೆ ಬಳಕೆದಾರರಿಗೆ ತೋರಿಸಿ ಯಾವುದಕ್ಕೆ ಹೆಚ್ಚು ಕ್ಲಿಕ್ ಬರುತ್ತದೆಂದು ನೋಡಿತು. ಇಂತಹ ಕಡೆ ಕೆಲಸ ಮಾಡಲಾರೆ ಎಂದು ಅದರ ವಿನ್ಯಾಸಕಾರ ಡಗ್ಲಸ್ ಬೋಮನ್ 2009ರಲ್ಲಿ ಹೊರನಡೆದರು. ಆ ಒಂದು ಛಾಯೆಯಿಂದ ವರ್ಷಕ್ಕೆ 20 ಕೋಟಿ ಡಾಲರ್ ಹೆಚ್ಚು ವರಮಾನ ಬಂತು ಎಂದು ಕಂಪೆನಿಯ ಬ್ರಿಟನ್ ಶಾಖೆಯ ಮುಖ್ಯಸ್ಥರು 2014ರಲ್ಲಿ ಹೇಳಿಕೊಂಡರು. ಹುಡುಕಾಟದ ಪ್ರಮಾಣವೇ ಅಷ್ಟು ಅಗಾಧವಾಗಿರುವಾಗ ಕೂದಲೆಳೆಯ ವ್ಯತ್ಯಾಸವೂ ರಾಶಿಯಾಗುತ್ತದೆ. ನಮ್ಮೂರಿನ ಅಂಗಡಿಯವನು ತನ್ನ ವೆಬ್‌ಸೈಟಿಗೆ ಅದೇ ನೀಲಿ ಹಾಕಿದರೆ ಆ ಹಣ ಬರುವುದಿಲ್ಲ.

2011ರಲ್ಲಿ ಪ್ರಚಾರಕ್ಕೆ ಬಂದ ಇನ್ನೊಂದು ಪರೀಕ್ಷೆಯಲ್ಲಿ ಹಸಿರು ಬಟನ್‌ಗಿಂತ ಕೆಂಪು ಬಟನ್‌ಗೆ ಶೇ. 21ರಷ್ಟು ಹೆಚ್ಚು ಕ್ಲಿಕ್ ಬಂತು. ಕೆಂಪು ಗೆದ್ದಿತು ಎಂದು ಅನೇಕರು ತಮ್ಮ ಬಟನ್‌ಗಳನ್ನು ಕೆಂಪು ಮಾಡಿಕೊಂಡರು. ಆ ಪುಟದ ಉಳಿದ ಅಲಂಕಾರವೆಲ್ಲ ಹಸಿರಾಗಿತ್ತು ಎಂಬುದನ್ನು ಹೆಚ್ಚಿನವರು ಗಮನಿಸಲಿಲ್ಲ. ಹಸಿರಿನ ನಡುವೆ ಕೆಂಪು ಎದ್ದು ಕಾಣದೆ ಇನ್ನೇನು? ಗುಂಪಿನಲ್ಲಿ ಬೇರೆಯಾಗಿರುವುದೇ ನೆನಪಿನಲ್ಲಿ ಉಳಿಯುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞೆ ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲೇ ತೋರಿಸಿದ್ದರು. ಬಣ್ಣಗಳ ಅರ್ಥದ ಪಟ್ಟಿಗಿಂತ ಈ ಒಂದು ಮಾತು ಹೆಚ್ಚು ಗಟ್ಟಿ. ಪರದೆಯ ಮೇಲೆ ಬಣ್ಣ ಮಾಡುವ ಮುಖ್ಯ ಕೆಲಸ ಒಂದನ್ನು ಎತ್ತಿ ತೋರಿಸುವುದು, ಇನ್ನೊಂದನ್ನು ಅಡಗಿಸುವುದು.

ಬಣ್ಣವನ್ನೇ ನೆಚ್ಚಿಕೊಂಡರೆ ಕೆಲವರು ಹೊರಗೇ ಉಳಿಯುತ್ತಾರೆ. ನಮ್ಮ ಆಹಾರ ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕಿ, ಮಾಂಸಾಹಾರಕ್ಕೆ ಕಂದು ಚುಕ್ಕಿ ಎಂದು ಮಾಡಲಾಗಿತ್ತು. ವರ್ಣಾಂಧರಿಗೆ ಎರಡೂ ಒಂದೇ. 2020ರ ಲೇಬಲ್ ನಿಯಮಾವಳಿಯಲ್ಲಿ ಕಂದು ಚುಕ್ಕಿಯ ಜಾಗಕ್ಕೆ ಕಂದು ತ್ರಿಕೋನ ಬಂತು. ಬಣ್ಣವೊಂದರಿಂದಲೇ ಮಾಹಿತಿ ತಿಳಿಸಬೇಡಿ ಎಂದು ವೆಬ್ ವಿನ್ಯಾಸಕಾರರಿಗಾಗಿ 1999ರಲ್ಲೇ ಪ್ರಕಟವಾದ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳಿತ್ತು.

ಈಗ ಪರದೆಯ ಮೇಲೆ ಅಡಗಿಸಲಾಗುತ್ತಿರುವುದು ಏನನ್ನು ಎಂದು ನೋಡೋಣ. ನಿಮ್ಮ ಮಾಹಿತಿ ಸಂಗ್ರಹಿಸಲು ಒಪ್ಪುತ್ತೀರಾ ಎಂದು ವೆಬ್‌ಸೈಟು ಕೇಳುತ್ತದೆ. ‘ಒಪ್ಪುತ್ತೇನೆ’ ಎಂಬುದು ಢಾಳಾದ ಬಣ್ಣದ ಬಟನ್. ‘ಒಪ್ಪುವುದಿಲ್ಲ’ ಎಂಬುದು ಬೂದು ಹಿನ್ನೆಲೆಯ ಮೇಲೆ ಬೂದು ಅಕ್ಷರ. ವಿಮಾನದ ಟಿಕೆಟು ಕೊಳ್ಳುವಾಗ ವಿಮೆ ಬೇಕು ಎಂಬುದು ಹೊಳೆಯುತ್ತದೆ, ಬೇಡ ಎಂಬುದನ್ನು ಹುಡುಕಬೇಕು. ವಯಸ್ಸಾದವರು, ಕಣ್ಣು ಮಂಜಾದವರು, ಮೊಬೈಲಿನ ಸಣ್ಣ ಪರದೆಯನ್ನು ಬಿಸಿಲಿನಲ್ಲಿ ಹಿಡಿದು ನಿಂತವರು ಕಂಡದ್ದನ್ನೇ ಒತ್ತುತ್ತಾರೆ. ಇಂತಹ ತಂತ್ರಗಳಿಗೆ ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ಒಪ್ಪುವಷ್ಟೇ ಸುಲಭವಾಗಿ ನಿರಾಕರಿಸಲು ಬಿಡಲಿಲ್ಲ ಎಂದು ಫ್ರಾನ್ಸಿನ ಮಾಹಿತಿ ರಕ್ಷಣಾ ಪ್ರಾಧಿಕಾರ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ್ದು 2022ರ ಜನವರಿಯಲ್ಲಿ ಪ್ರಕಟವಾಯಿತು.

ಭಾರತದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂತಹ 13 ತಂತ್ರಗಳನ್ನು ಪಟ್ಟಿ ಮಾಡಿ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಕೊಟ್ಟಿರುವ ಒಂದು ಉದಾಹರಣೆ ಕೊಳ್ಳುತ್ತೀರಾ ಎಂದು ಕೇಳುವಾಗ ‘ಬೇಡ’ ಎಂಬ ಆಯ್ಕೆಯನ್ನು ತಿಳಿಬಣ್ಣದಲ್ಲಿ ಇಡುವುದು. ಅಮೆರಿಕ ಮಾರ್ಗರಿನ್‌ಗೆ ಬಣ್ಣದ ತೆರಿಗೆ ಹಾಕಿ 121 ವರ್ಷಗಳಾದ ಮೇಲೆ ನಮ್ಮ ರಾಜಪತ್ರದಲ್ಲಿ ಬಟನ್ನಿನ ಬಣ್ಣವೂ ಸೇರಿತು. 2025ರ ಜೂನ್‌ನಲ್ಲಿ ಪ್ರಾಧಿಕಾರ, ಆನ್‌ಲೈನ್ ವ್ಯಾಪಾರ ಸಂಸ್ಥೆಗಳು ಮೂರು ತಿಂಗಳೊಳಗೆ ತಮ್ಮ ತಾಣಗಳನ್ನು ತಾವೇ ಪರಿಶೀಲಿಸಿಕೊಳ್ಳಬೇಕು ಎಂದು ಸೂಚಿಸಿತು. ಬಣ್ಣ ಬಳಿದವರಿಗೇ ಬಣ್ಣ ಪರೀಕ್ಷಿಸುವ ಕೆಲಸವನ್ನೂ ವಹಿಸಿದ ಹಾಗಾಯಿತು. ಸದ್ಯಕ್ಕೆ, ಇಂತಹ ಪರದೆ ಕಂಡವರು ಅದರ ಚಿತ್ರವನ್ನು ಮೊಬೈಲಿನಲ್ಲಿ ಸೆರೆಹಿಡಿದು ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.